ಸೋದರಮಾವನನ್ನೇ ಮದುವೆಯಾದೆ, ಮಗುವಿಗೆ ಥಲಸ್ಸೇಮಿಯಾ. ಈಗ ಮತ್ತೆ ಬಸುರಿ, ಏನು ಮಾಡಲಿ?

ಪ್ರಶ್ನೆ: ನನಗೆ 24 ವರ್ಷ, ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೇನೆ. ನನ್ನ ಗಂಡ ನನ್ನ ತಾಯಿಯ ಒಡಹುಟ್ಟಿದ ತಮ್ಮ, ನನಗಿಂತ ಹನ್ನೊಂದು ವರ್ಷ ದೊಡ್ಡವರು. ಮಗಳಿಗೆ ಈಗ ಒಂದೂವರೆ ವರ್ಷ. ಆರು ತಿಂಗಳವರೆಗೆ ಗುಂಡಗುಂಡಗೆ ಇದ್ದಳು. ಆಮೇಲೆ ಬಿಳಿಚಿಕೊಂಡಳು, ಹಾಲು ಕುಡಿಯುವುದು ಬಿಟ್ಟಳು, ಹೊಟ್ಟೆ ಉಬ್ಬಿತು. ಊರಲ್ಲಿ ರಕ್ತ ಹೆಚ್ಚುವ ಟಾನಿಕ್ ಕೊಟ್ಟರು, ಗುಣವಾಗಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಬೀಟಾ ಥಲಸ್ಸೇಮಿಯಾ ಮೇಜರ್ ಎಂಬ ರಕ್ತದ ಕಾಯಿಲೆ ಅಂದರು. ಈಗ ತಿಂಗಳಿಗೊಮ್ಮೆ ರಕ್ತ ಹಾಕಿಸುತ್ತಿದ್ದೇವೆ. ನಮ್ಮಿಬ್ಬರಲ್ಲೂ ಒಂದೇ ಮ್ಯುಟೇಶನ್ (ವಂಶವಾಹಿಯ ಬದಲಾವಣೆ) ಇದೆ ಎಂದು ವರದಿ ಬಂದಿದೆ. ನಮಗೆ ಯಾವ ಕಾಯಿಲೆಯೂ ಇಲ್ಲ. ಅತ್ತೆ (ನನ್ನ ಅಜ್ಜಿಯೇ) "ನಮ್ಮ ಮನಿತನದಾಗ ಇಂಥಾದ್ದು ಇರಲಿಲ್ಲ, ಗ್ರಹಣದಾಗ ಹೊರಗ ತಿರುಗ್ಯಾಳ" ಅನ್ನುತ್ತಾರೆ. ನಾನು ಬಸುರಿದ್ದಾಗ ಹಲ್ಲಿನ ಎಕ್ಸ್‌ರೇ ತೆಗೆಸಿದ್ದೆ. ಮನೆ ಹಿಂದೆ ಮೊಬೈಲ್ ಟವರ್ ಇದೆ. ಇವರು ಮೆಣಸಿನ ಗಿಡಕ್ಕೆ ಔಷಧಿ ಹೊಡೆಯುತ್ತಾರೆ. ನಮ್ಮಿಬ್ಬರದೂ ಒಂದೇ ರಕ್ತದ ಗುಂಪು, ಓ ಪಾಸಿಟಿವ್. ಇವುಗಳಲ್ಲಿ ಯಾವುದರಿಂದ ಹೀಗಾಯಿತು? ಈಗ ಮತ್ತೆ ಎರಡು ತಿಂಗಳು. ಒಂದು ಮಗುವಿಗೆ ಬಂದರೆ ಇನ್ನೊಂದಕ್ಕೆ ಬರುವುದಿಲ್ಲ ಎನ್ನುತ್ತಾರೆ, ನಿಜವೇ? ನನ್ನ ತಮ್ಮನಿಗೆ ನಮ್ಮ ದೊಡ್ಡ ಮಾವನ ಮಗಳನ್ನು ತರುವ ಮಾತು ನಡೆದಿದೆ. ಅದನ್ನು ನಿಲ್ಲಿಸಬೇಕೆ?

ಉತ್ತರ: ನಿಮ್ಮ ಬಸಿರಿನ ವಿಷಯದಲ್ಲಿ ದಿನ ಎಣಿಸುವಂಥ ಪರಿಸ್ಥಿತಿ ಇರುವುದರಿಂದ ಮುಖ್ಯವಾದ ಸಲಹೆಯನ್ನು ನಿಮಗೆ ಮೊದಲೇ ಬರೆದು ಕಳಿಸಿದ್ದೇನೆ. ಇಲ್ಲಿ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮಂಥದೇ ಗೊಂದಲ ಹೊತ್ತ ಮನೆಗಳು ನಮ್ಮ ಜೆನೆಟಿಕ್ಸ್ ಓಪಿಡಿಗೆ ಬರುತ್ತಲೇ ಇರುತ್ತವೆ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಅನೇಕ. ಎಲ್ಲದರ ಅಡಿಯಲ್ಲಿ ಇರುವುದು ಒಂದೇ: ನಾನು ಏನಾದರೂ ಮಾಡಿ ಮಗುವಿಗೆ ಹೀಗಾಯಿತೇ? ಇಲ್ಲ. ಸಮಾಧಾನಕ್ಕಾಗಿ ಹೇಳುತ್ತಿಲ್ಲ, ನೀವೇ ಕಳಿಸಿದ ವರದಿಯಲ್ಲಿ ಇದಕ್ಕೆ ಸಾಕ್ಷಿ ಇದೆ.

ವರದಿಯಲ್ಲಿ ಮೂರು ಹೆಸರುಗಳಿವೆ, ನಿಮ್ಮದು, ನಿಮ್ಮ ಯಜಮಾನರದು, ಮಗಳದು. ನಿಮ್ಮಿಬ್ಬರಲ್ಲಿ ಬೀಟಾ ಗ್ಲೋಬಿನ್ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಸರಿ ಇದೆ, ಇನ್ನೊಂದರಲ್ಲಿ ಒಂದು ಅಕ್ಷರ ಬದಲಾಗಿದೆ. ಮಗಳಲ್ಲಿ ಎರಡೂ ಪ್ರತಿಗಳಲ್ಲಿ ಅದೇ ಬದಲಾವಣೆ. ಗ್ರಹಣದಿಂದಲೋ ಎಕ್ಸ್‌ರೇಯಿಂದಲೋ ಆಗಿದ್ದರೆ ಅದು ಮಗುವಿನಲ್ಲಿ ಮಾತ್ರ ಇರಬೇಕಿತ್ತು. ನಿಮ್ಮ ರಕ್ತದಲ್ಲಿ, ನಿಮಗಿಂತ ಹನ್ನೊಂದು ವರ್ಷ ಮೊದಲು ಹುಟ್ಟಿದ ನಿಮ್ಮ ಯಜಮಾನರ ರಕ್ತದಲ್ಲಿ, ಡಿಎನ್‌ಎಯ 300 ಕೋಟಿ ಅಕ್ಷರಗಳ ನಡುವೆ ಸರಿಯಾಗಿ ಅದೇ ಜಾಗದಲ್ಲಿ ಅದೇ ಬದಲಾವಣೆ ಬಂದು ಕೂರುತ್ತಿರಲಿಲ್ಲ. ನೀವಿಬ್ಬರೂ ಹುಟ್ಟುವಾಗಲೇ ಅದನ್ನು ತಂದವರು. ನಿಮ್ಮ ಅಜ್ಜ ಅಥವಾ ಅಜ್ಜಿ, ಇಬ್ಬರಲ್ಲಿ ಒಬ್ಬರಿಂದ ಅದು ನಿಮ್ಮ ಯಜಮಾನರಿಗೂ ಬಂತು, ಅವರ ಅಕ್ಕನಿಗೂ ಅಂದರೆ ನಿಮ್ಮ ತಾಯಿಗೂ ಬಂತು. ತಾಯಿಯಿಂದ ನಿಮಗೆ. ಮನೆತನದಲ್ಲಿ ಇರಲಿಲ್ಲ ಎನ್ನುವ ನಿಮ್ಮ ಅಜ್ಜಿಯ ಮಾತು ಕಾಯಿಲೆಯ ಮಟ್ಟಿಗೆ ನಿಜ ಇರಬಹುದು. ಮ್ಯುಟೇಶನ್ ಮಟ್ಟಿಗೆ ನಿಜ ಅಲ್ಲ, ಅದು ಆ ಮನೆಯದೇ.

ಆ ಬದಲಾವಣೆ ಯಾವುದು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ರಕ್ತದ ಕೆಂಪು ಹಿಮೋಗ್ಲೋಬಿನ್‌ನಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಎಳೆಗಳಿರುತ್ತವೆ. ಬೀಟಾ ಎಳೆ ತಯಾರಿಸುವ ವಂಶವಾಹಿ 11ನೆಯ ವರ್ಣತಂತುವಿನಲ್ಲಿದೆ. ವಂಶವಾಹಿಯಿಂದ ಮೊದಲು ಆರ್‌ಎನ್‌ಎ ನಕಲು ತಯಾರಾಗುತ್ತದೆ, ಅದರಲ್ಲಿ ಬೇಡದ ಭಾಗಗಳನ್ನು ಕತ್ತರಿಸಿ ಬೇಕಾದವನ್ನು ಜೋಡಿಸಬೇಕು. ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ಅಲ್ಲೇ ಗುರುತು ಇರುತ್ತದೆ. ನಿಮ್ಮ ಮನೆಯ ಮ್ಯುಟೇಶನ್ ಆ ಗುರುತಿನ ಒಂದು ಅಕ್ಷರವನ್ನು, ಜಿ ಇರಬೇಕಾದಲ್ಲಿ ಸಿ ಎಂದು ಬದಲಿಸಿದೆ. ದರ್ಜಿ ಬಟ್ಟೆಯ ಮೇಲೆ ಹಾಕಿದ ಚಾಕ್‌ಪೀಸಿನ ಗೆರೆ ಮಸುಕಾದರೆ ಕತ್ತರಿ ಎಲ್ಲೆಲ್ಲೋ ಓಡುತ್ತದಲ್ಲ, ಹಾಗೆ. ಹತ್ತು ಸಲ ಕತ್ತರಿಸಿದರೆ ಬಹುಪಾಲು ತಪ್ಪು ಜಾಗದಲ್ಲೇ, ಆ ತುಂಡುಗಳಿಂದ ಬೀಟಾ ಎಳೆ ಆಗುವುದಿಲ್ಲ. ಭಾರತದ ಬೀಟಾ ಥಲಸ್ಸೇಮಿಯಾದಲ್ಲಿ ಅತಿ ಹೆಚ್ಚಾಗಿ ಸಿಗುವ ಮ್ಯುಟೇಶನ್ ಇದೇ. ನಿಮ್ಮ ಮನೆಯಲ್ಲಿ ಯಾವುದೋ ವಿಚಿತ್ರ ಹುಟ್ಟಿಕೊಂಡಿದೆ ಎಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ 100ಕ್ಕೆ ಸುಮಾರು 3ರಿಂದ 4 ಜನ ಬೀಟಾ ಥಲಸ್ಸೇಮಿಯಾದ ವಾಹಕರು, ಅಂದರೆ ನಿಮ್ಮಂತೆ ಒಂದು ಪ್ರತಿ ಮಾತ್ರ ಬದಲಾಗಿ ಕಾಯಿಲೆ ಇಲ್ಲದವರು. ಪ್ರತಿ ವರ್ಷ ಹತ್ತು ಸಾವಿರದ ಆಸುಪಾಸಿನಲ್ಲಿ ಮಕ್ಕಳು ಮೇಜರ್ ಆಗಿ ಹುಟ್ಟುತ್ತಾರೆ ಎಂಬ ಅಂದಾಜಿದೆ.

ನಿಮಗೆ ಒಂದು ಪ್ರತಿ ಸರಿ ಇರುವುದರಿಂದ ಸಾಕಷ್ಟು ಬೀಟಾ ತಯಾರಾಗುತ್ತದೆ. ಹಿಮೋಗ್ಲೋಬಿನ್ ಒಂದಿಷ್ಟು ಕಡಿಮೆ, ಅಷ್ಟೇ. ಮಗಳಿಗೆ ಎರಡೂ ಕೈಕೊಟ್ಟಿವೆ. ಜೊತೆ ಸಿಗದ ಆಲ್ಫಾ ಎಳೆಗಳು ಗಂಟುಗಟ್ಟಿ, ಕೆಂಪು ಕಣಗಳು ಅಸ್ಥಿಮಜ್ಜೆಯಿಂದ ಹೊರಬರುವ ಮೊದಲೇ ಅವನ್ನು ಕೊಲ್ಲುತ್ತವೆ. ರಕ್ತ ಸಾಲದಾದಾಗ ದೇಹ ಮಜ್ಜೆಯನ್ನು ಹಿಗ್ಗಿಸುತ್ತದೆ, ಗುಲ್ಮ ಮತ್ತು ಯಕೃತ್ತು ದೊಡ್ಡದಾಗುತ್ತವೆ. ನೀವು ಕಂಡ ಹೊಟ್ಟೆಯುಬ್ಬರ ಅದೇ. ಆರು ತಿಂಗಳವರೆಗೆ ಚೆನ್ನಾಗಿದ್ದದ್ದೇಕೆ? ಗರ್ಭದಲ್ಲಿ ಮಗು ಬಳಸುವುದು ಬೇರೆ ಹಿಮೋಗ್ಲೋಬಿನ್, ಅದಕ್ಕೆ ಬೀಟಾ ಬೇಕಿಲ್ಲ. ಹುಟ್ಟಿದ ಮೇಲೆ ನಿಧಾನವಾಗಿ ಅದು ನಿಂತು ಬೀಟಾದ ಸರದಿ ಬರುತ್ತದೆ. ಅಲ್ಲಿಂದ ಬಿಳಿಚುವುದು ಶುರು. ಹಾಗಾಗಿ ಹಾಲು ಬಿಡಿಸಿದ್ದಕ್ಕೆ, ಲಸಿಕೆ ಹಾಕಿಸಿದ್ದಕ್ಕೆ, ದೃಷ್ಟಿ ಬಿದ್ದದ್ದಕ್ಕೆ ಹೀಗಾಯಿತೆಂದು ಮನೆಯವರು ತಿಳಿಯುತ್ತಾರೆ. ಹೊತ್ತು ಹೊಂದಿಕೆಯಾಗಿದ್ದು ಅಷ್ಟೇ.

ಇನ್ನು ನೀವು ಹೆದರಿದ ಸಂಗತಿಗಳು.

ಮ್ಯುಟೇಶನ್ ಆಗುವುದು ಹೇಗೆ ಎಂದರೆ, ಬಹುಮಟ್ಟಿಗೆ ತನ್ನಷ್ಟಕ್ಕೆ. ಜೀವಕೋಶ ಎರಡಾಗುವಾಗಲೆಲ್ಲ ಡಿಎನ್‌ಎ ನಕಲಾಗಬೇಕು. ಅಷ್ಟು ಕೋಟಿ ಅಕ್ಷರಗಳಲ್ಲಿ ಕೆಲವು ತಪ್ಪುತ್ತವೆ, ದೇಹದ ರಿಪೇರಿ ವ್ಯವಸ್ಥೆ ಹೆಚ್ಚಿನವನ್ನು ಸರಿಮಾಡುತ್ತದೆ, ಒಂದೆರಡು ಉಳಿಯುತ್ತವೆ. ಹುಟ್ಟುವ ಪ್ರತಿ ಮಗುವಿನಲ್ಲೂ ತಂದೆತಾಯಿಯಲ್ಲಿ ಇಲ್ಲದ 60-70 ಹೊಸ ಬದಲಾವಣೆಗಳು ಇರುತ್ತವೆ. ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಹೆಚ್ಚಿನವು ಯಾವ ಕೆಲಸಕ್ಕೂ ಅಡ್ಡ ಬಾರದ ಜಾಗದಲ್ಲಿ ಬಿದ್ದಿರುತ್ತವೆ. ಹೊರಗಿನಿಂದಲೂ ಕಾರಣಗಳಿವೆ: ಬಿಸಿಲಿನ ಅತಿನೇರಳೆ ಕಿರಣ, ಬೀಡಿ-ಸಿಗರೇಟಿನ ಹೊಗೆ, ಎಕ್ಸ್‌ರೇ ಮತ್ತು ಗಾಮಾ ಕಿರಣ, ಬೂಸಲು ಹಿಡಿದ ಶೇಂಗಾದ ಅಫ್ಲಾಟಾಕ್ಸಿನ್ ಎಂಬ ವಿಷ. ಇವು ಮುಖ್ಯವಾಗಿ ಚರ್ಮ, ಶ್ವಾಸಕೋಶ, ಯಕೃತ್ತಿನಂಥ ದೇಹದ ಕೋಶಗಳನ್ನು ಕೆಡಿಸುತ್ತವೆ. ಅದರಿಂದ ಆ ವ್ಯಕ್ತಿಗೆ ಕ್ಯಾನ್ಸರ್ ಬರಬಹುದು. ಮಗುವಿಗೆ ದಾಟಬೇಕಾದರೆ ಬದಲಾವಣೆ ಅಂಡಾಣುವಿನಲ್ಲೋ ವೀರ್ಯಾಣುವಿನಲ್ಲೋ ಆಗಿರಬೇಕು. ಈ ಎರಡನ್ನು ಕಲಸಿಬಿಡುವುದರಿಂದಲೇ ಅರ್ಧ ಭಯ ಹುಟ್ಟುತ್ತದೆ.

ಎಕ್ಸ್‌ರೇ ಭಯಕ್ಕೆ ಬುಡವಿಲ್ಲ ಎಂದಲ್ಲ. 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳ ಮೇಲೆ ಎಕ್ಸ್‌ರೇ ಬಿಟ್ಟು ಮರಿಗಳಲ್ಲಿ ಮ್ಯುಟೇಶನ್ ಬರಿಸಿ ತೋರಿಸಿದರು, ಅದಕ್ಕೆ 1946ರಲ್ಲಿ ನೊಬೆಲ್ ಬಂತು. ಆದರೆ ಅವರು ಬಳಸಿದ ಪ್ರಮಾಣ ಅಗಾಧ. ಮನುಷ್ಯರಲ್ಲಿ ನಮಗಿರುವ ದೊಡ್ಡ, ದುಃಖದ ಪುರಾವೆ ಹಿರೋಷಿಮಾ, ನಾಗಸಾಕಿಯದು. ಬಾಂಬಿಗೆ ಸಿಕ್ಕು ಬದುಕುಳಿದವರಲ್ಲಿ ಕ್ಯಾನ್ಸರ್ ಹೆಚ್ಚಾಯಿತು, ನಿಜ. ಆಮೇಲೆ ಅವರಿಗೆ ಹುಟ್ಟಿದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಗಮನಿಸಿದರೂ ವಂಶಪಾರಂಪರ್ಯ ಕಾಯಿಲೆಗಳು ಗುರುತಿಸುವಷ್ಟು ಹೆಚ್ಚಿದ್ದು ಕಂಡುಬರಲಿಲ್ಲ. ಕೇರಳದ ಕರುನಾಗಪಳ್ಳಿ ಕಡಲತೀರದ ಮರಳಿನಲ್ಲಿ ಥೋರಿಯಂ ಇದೆ, ಅಲ್ಲಿನವರು ತಲೆಮಾರುಗಳಿಂದ ನಮಗಿಂತ ಹಲವು ಪಟ್ಟು ವಿಕಿರಣದಲ್ಲಿ ಬದುಕಿದ್ದಾರೆ. ಅಲ್ಲೂ ಹಾಗೆಯೇ, ಹುಟ್ಟುದೋಷಗಳ ರಾಶಿಯೇನೂ ಸಿಕ್ಕಿಲ್ಲ. ಇವುಗಳ ಮುಂದೆ ನಿಮ್ಮ ಒಂದು ಹಲ್ಲಿನ ಎಕ್ಸ್‌ರೇ ಎಂದರೆ ಭೂಮಿಯ ಮೇಲೆ ಸುಮ್ಮನೆ ಒಂದು ದಿನ ಬದುಕಿದ್ದರೆ ಸಿಗುವಷ್ಟು ವಿಕಿರಣ. ಈ ಬಸಿರಿನಲ್ಲಿ ಎಲ್ಲಿಗೆ ಹೋದರೂ ಎರಡು ತಿಂಗಳು ಎಂದು ಮೊದಲೇ ಹೇಳಿ, ಆ ಎಚ್ಚರ ಸರಿಯೇ. ಹಿಂದಿನದನ್ನು ಮಾತ್ರ ಮನಸ್ಸಿನಿಂದ ತೆಗೆದುಹಾಕಿ.

ಮೊಬೈಲ್ ಟವರಿನ ಅಲೆಗಳಿಗೆ ಡಿಎನ್‌ಎಯ ಬಂಧ ಮುರಿಯುವಷ್ಟು ಶಕ್ತಿಯೇ ಇಲ್ಲ. ಗ್ರಹಣವೆಂದರೆ ನೆರಳು, ನೆರಳಿನಿಂದ ವಂಶವಾಹಿ ಬದಲಾಗುವುದಿಲ್ಲ. ಒಂದೇ ರಕ್ತದ ಗುಂಪಿನವರು ಮದುವೆಯಾದರೆ ಮಕ್ಕಳಿಗೆ ತೊಂದರೆ ಎಂಬುದು ವಿದ್ಯಾವಂತರ ಬಾಯಲ್ಲೂ ಕೇಳುವ ಮಾತು, ಜಾತಕದ ಜೊತೆ ಬ್ಲಡ್ ಗ್ರೂಪ್ ಚೀಟಿಯನ್ನೂ ಅದಲುಬದಲು ಮಾಡುವವರಿದ್ದಾರೆ! ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಇದ್ದಾಗ ಮಾತ್ರ ನಾವು ಎಚ್ಚರ ವಹಿಸುತ್ತೇವೆ, ಅದಕ್ಕೂ ಇಂಜೆಕ್ಷನ್ ಇದೆ. ನಿಮ್ಮಿಬ್ಬರದು ಓ ಪಾಸಿಟಿವ್ ಆಗಿರುವುದಕ್ಕೂ ಥಲಸ್ಸೇಮಿಯಾಕ್ಕೂ ಸಂಬಂಧವಿಲ್ಲ.

ಕೀಟನಾಶಕದ ವಿಷಯ ಬೇರೆ. ಬಾಯಿ ಮೂಗು ಮುಚ್ಚದೆ ವರ್ಷಗಟ್ಟಲೆ ಔಷಧಿ ಹೊಡೆದವರ ರಕ್ತಕಣಗಳಲ್ಲಿ ವರ್ಣತಂತುಗಳು ಮುರಿದಿರುವುದನ್ನು ಪರೀಕ್ಷೆಗಳು ತೋರಿಸಿವೆ. ನಿಮ್ಮ ಮಗಳ ಕಾಯಿಲೆಗೆ ಅದು ಕಾರಣ ಅಲ್ಲ. ಆದರೆ ನಿಮ್ಮ ಯಜಮಾನರ ಆರೋಗ್ಯಕ್ಕಾಗಿ ಮಾಸ್ಕ್, ಕೈಗವಸು ಬೇಕು, ಹೊಡೆದು ಬಂದ ಬಟ್ಟೆಯನ್ನು ನೀವು ಬರಿಗೈಯಲ್ಲಿ ಒಗೆಯಬೇಡಿ. ವಯಸ್ಸಿನ ಅಂತರದ ಬಗ್ಗೆಯೂ ಕೇಳಿದಂತಿದೆ. ತಂದೆಯ ವಯಸ್ಸು ಏರಿದ ಹಾಗೆ ಮಗುವಿಗೆ ದಾಟುವ ಹೊಸ ಮ್ಯುಟೇಶನ್‌ಗಳು ವರ್ಷಕ್ಕೆ ಒಂದೆರಡರಂತೆ ಹೆಚ್ಚುವುದು ನಿಜ, ಕೆಲವು ಬಗೆಯ ಕುಳ್ಳುತನಕ್ಕೆ ಅದು ಕಾರಣವಾಗುತ್ತದೆ. ನಿಮ್ಮದು ಹೊಸ ಮ್ಯುಟೇಶನ್ ಅಲ್ಲ, ಹಳೆಯದು. ಆದ್ದರಿಂದ ಆ ಲೆಕ್ಕ ಇಲ್ಲಿಗೆ ಬರುವುದಿಲ್ಲ.

ಎಷ್ಟು ಹಳೆಯದು? ಸಾವಿರಾರು ವರ್ಷ ಇರಬಹುದು. ಇಷ್ಟು ಕೆಟ್ಟದ್ದು ಇಷ್ಟು ಜನರಲ್ಲಿ ಉಳಿದದ್ದಾದರೂ ಹೇಗೆ ಎಂಬ ಪ್ರಶ್ನೆಗೆ 1949ರಲ್ಲಿ ಒಂದು ಉತ್ತರ ಸೂಚಿಸಿದವರು ಜೆ.ಬಿ.ಎಸ್. ಹಾಲ್ಡೇನ್. ಮುಂದೆ ಭಾರತದ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ. ಮಲೇರಿಯಾ ಹೆಚ್ಚಿದ್ದ ಸೀಮೆಗಳಲ್ಲಿ ಥಲಸ್ಸೇಮಿಯಾದ ಒಂದು ಪ್ರತಿ ಇದ್ದವರು ಮಲೇರಿಯಾದಿಂದ ಹೆಚ್ಚು ಬದುಕುಳಿದಿರಬೇಕು ಎಂದು ಅವರ ಊಹೆ. ಕುಡಗೋಲು ಕಣದ (ಸಿಕಲ್ ಸೆಲ್) ರಕ್ತಹೀನತೆಯಲ್ಲಿ 1954ರಲ್ಲಿ ಆಂಟನಿ ಆಲಿಸನ್ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಅದೂ ಬೀಟಾ ಗ್ಲೋಬಿನ್‌ನ ಮ್ಯುಟೇಶನ್ನೇ, ನಮ್ಮ ಮೈಸೂರು-ಚಾಮರಾಜನಗರ-ಕೊಡಗಿನ ಕಾಡಂಚಿನ ಬುಡಕಟ್ಟುಗಳಲ್ಲಿ ಇಂದೂ ಕಾಣುತ್ತದೆ. ನಿಮ್ಮ ಮುತ್ತಜ್ಜಿಯ ಮುತ್ತಜ್ಜಿ ಚಳಿಜ್ವರದಿಂದ ಪಾರಾಗಿ ಬದುಕಿದ್ದಕ್ಕೆ ಇದೇ ಅಕ್ಷರ ಕಾರಣವಾಗಿರಲೂಬಹುದು. ಮ್ಯುಟೇಶನ್ ಎಂದರೆ ಬರೀ ಕೇಡು ಎಂದು ನಾನು ಒಪ್ಪದಿರುವುದು ಇದಕ್ಕೇ. ದೊಡ್ಡವರಾದ ಮೇಲೂ ಹಾಲು ಜೀರ್ಣಿಸಿಕೊಳ್ಳುವವರಿಗೆ ಆ ಶಕ್ತಿ ಕೊಟ್ಟದ್ದು ಒಂದು ಮ್ಯುಟೇಶನ್. ನಿಮ್ಮ ಕಡೆ ಬಿತ್ತುವ ಟಿಎಜಿ-24 ಶೇಂಗಾ ತಳಿಯ ಹಿಂದೆಯೂ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಕಿರಣದಿಂದ ಬರಿಸಿದ ಮ್ಯುಟೇಶನ್‌ಗಳಿವೆ. ಒಂದು ಪ್ರತಿ ಇದ್ದರೆ ಲಾಭ, ಎರಡು ಸೇರಿದರೆ ಕಾಯಿಲೆ ಎಂಬ ಈ ವಿಚಿತ್ರ ವ್ಯಾಪಾರದಲ್ಲಿ ನಷ್ಟ ನಿಮ್ಮ ಮಗಳ ಪಾಲಿಗೆ ಬಂತು.

ಇಲ್ಲಿ ಮದುವೆಯ ವಿಷಯ ಬರುತ್ತದೆ, ತೇಲಿಸಿ ಹೇಳುವುದಿಲ್ಲ. ಸೋದರಿಕೆಯ ಮದುವೆ ಮ್ಯುಟೇಶನ್ ಹುಟ್ಟಿಸುವುದಿಲ್ಲ. ಇದ್ದದ್ದು ಎರಡು ಕಡೆಯಿಂದ ಬಂದು ಕೂಡುವ ಅವಕಾಶವನ್ನು ಹೆಚ್ಚಿಸುತ್ತದೆ. ನಿಮ್ಮದೇ ಲೆಕ್ಕ ಹಾಕಿ. ನಿಮ್ಮ ಯಜಮಾನರು ವಾಹಕರು. ಅವರು ಸಂಬಂಧವಿಲ್ಲದ ಹೆಣ್ಣನ್ನು ಮದುವೆಯಾಗಿದ್ದರೆ ಆಕೆಯೂ ವಾಹಕಿಯಾಗಿರುವ ಅವಕಾಶ 100ಕ್ಕೆ 3 ಅಥವಾ 4. ಅವರ ಅಕ್ಕನಿಗೆ ಅದೇ ಪ್ರತಿ ಬಂದಿರುವ ಅವಕಾಶ ಅರ್ಧ, ಅಕ್ಕನಿಂದ ಮಗಳಿಗೆ ಮತ್ತೆ ಅರ್ಧ, ಅಂದರೆ ನಿಮಗೆ 100ಕ್ಕೆ 25. ಅಷ್ಟು ವ್ಯತ್ಯಾಸ. 1980ರ ದಶಕದಲ್ಲಿ ಕರ್ನಾಟಕದ ನವಜಾತ ಶಿಶುಗಳ ದೊಡ್ಡ ಅಧ್ಯಯನ ನಡೆದಾಗ ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು, ಅವರಲ್ಲಿ ಸೋದರಮಾವ-ಸೊಸೆ ಜೋಡಿಗಳೂ ಬಹಳ. ಆ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇದ್ದರು. "ನಮ್ಮ ಅಜ್ಜಿಯ ಕಾಲದಿಂದ ನಡೆದು ಬಂದಿದೆ, ಏನೂ ಆಗಿಲ್ಲ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಕಾಲದಲ್ಲಿ ವರ್ಷ ತುಂಬುವ ಮೊದಲು ಬಿಳಿಚಿ ಹೋದ ಕೂಸುಗಳಿಗೆ ಯಾರೂ ಹೆಸರಿಟ್ಟು ಲೆಕ್ಕ ಇಟ್ಟಿರಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು. ಇದನ್ನು ಹಿಡಿದು ನಿಮ್ಮ ಮದುವೆ ಮಾಡಿದವರನ್ನು ಜರೆಯುವುದರಿಂದ ಏನೂ ಸಿಗದು. ಆಸ್ತಿ, ನಂಬಿಕೆ, ಮಗಳು ಕಣ್ಣೆದುರಿಗಿರಲಿ ಎಂಬ ಆಸೆ, ಎಲ್ಲ ಸೇರಿ ನಡೆದ ಪದ್ಧತಿ ಅದು.

ಈಗ ಹೊಟ್ಟೆಯಲ್ಲಿರುವ ಮಗು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮೇಜರ್ ಆಗುವ ಅವಕಾಶ, ಎರಡು ಪಾಲು ನಿಮ್ಮಂತೆ ವಾಹಕ, ಒಂದು ಪಾಲು ಪೂರ್ತಿ ಮುಕ್ತ. ಒಂದಕ್ಕೆ ಬಂತು, ಇನ್ನು ಮೂರಕ್ಕೆ ಇಲ್ಲ ಎಂಬುದು ತಪ್ಪು. ಈ ಬಸಿರಿಗೆ ಹಿಂದಿನ ಬಸಿರಿನ ಲೆಕ್ಕ ಗೊತ್ತಿರುವುದಿಲ್ಲ. ಸತತವಾಗಿ ಇಬ್ಬರು ಮೇಜರ್ ಮಕ್ಕಳಾದ ಮನೆಗಳನ್ನು ನಾನು ನೋಡಿದ್ದೇನೆ, ಆ ಮಾತನ್ನು ನಂಬಿ ಪರೀಕ್ಷೆ ಬಿಟ್ಟವರೇ ಹೆಚ್ಚು.

ತಿಳಿಯುವ ದಾರಿ ಇದೆ. 11ರಿಂದ 13ನೇ ವಾರದ ನಡುವೆ ಸ್ಕ್ಯಾನಿಂಗ್ ನೋಡಿಕೊಂಡು ಸೂಜಿಯಿಂದ ಮಾಸಿನ ಒಂದು ಚೂರನ್ನು ತೆಗೆದು ಡಿಎನ್‌ಎ ನೋಡುತ್ತಾರೆ, ಸಿವಿಎಸ್ ಅನ್ನುತ್ತಾರೆ. ನಿಮ್ಮ ಮ್ಯುಟೇಶನ್ ಯಾವುದೆಂದು ಮೊದಲೇ ಗೊತ್ತಿರುವುದು ದೊಡ್ಡ ಅನುಕೂಲ, ಲ್ಯಾಬಿನವರು ಹುಡುಕಬೇಕಿಲ್ಲ, ಅದೇ ಜಾಗ ನೋಡಿದರಾಯಿತು. ಒಂದೆರಡು ವಾರದಲ್ಲಿ ವರದಿ ಬರುತ್ತದೆ. ಗರ್ಭಪಾತದ ಅಪಾಯ ಕೈಪಳಗಿದ ವೈದ್ಯರ ಬಳಿ 100ಕ್ಕೆ ಒಂದಕ್ಕಿಂತ ಕಡಿಮೆ. ಸೊನ್ನೆ ಅಲ್ಲ. ಹತ್ತು ವಾರಕ್ಕಿಂತ ಮೊದಲು ಮಾಡಿಸಬಾರದು, ಮಗುವಿನ ಕೈಕಾಲಿಗೆ ತೊಂದರೆಯಾಗುವ ಭಯವಿದೆ. ಯಾರಾದರೂ "ಬೇಗ ಮಾಡಿಬಿಡೋಣ" ಎಂದರೆ ಒಪ್ಪಬೇಡಿ. ಆ ಹೊತ್ತು ಮೀರಿದರೆ 16ನೇ ವಾರದ ನಂತರ ಗರ್ಭದ ನೀರು ತೆಗೆದು ನೋಡಬಹುದು, ಆದರೆ ವರದಿ ಬರುವಷ್ಟರಲ್ಲಿ ಮಗು ಒದೆಯಲು ಶುರುಮಾಡಿರುತ್ತದೆ, ನಿರ್ಧಾರ ಇನ್ನೂ ಕಷ್ಟ. ಗಂಡೋ ಹೆಣ್ಣೋ ಎಂದು ಈ ಪರೀಕ್ಷೆಯಲ್ಲಿ ಹೇಳುವುದಿಲ್ಲ, ಹೇಳುವುದು ಅಪರಾಧ. ಆದರೆ ಇಂಥ ಕಾಯಿಲೆ ಪತ್ತೆಗೆ ನೋಂದಾಯಿತ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಲು ಭ್ರೂಣಲಿಂಗ ಪತ್ತೆ ತಡೆಯುವ ಆ ಕಾನೂನೇ ಅನುಮತಿ ಕೊಡುತ್ತದೆ. ಸ್ಕ್ಯಾನಿಂಗ್ ಎಂದರೆ ಕೇಸ್ ಆಗುತ್ತದೆ ಎಂದು ಹಿಂಜರಿಯಬೇಡಿ.

ಮಗು ವಾಹಕ ಅಥವಾ ಮುಕ್ತ ಎಂದು ಬಂದರೆ ಬಸಿರು ಮಾಮೂಲಿನಂತೆ ಮುಂದುವರಿಯುತ್ತದೆ. ಮೇಜರ್ ಎಂದು ಬಂದರೆ ಗರ್ಭ ಇಳಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 2021ರ ತಿದ್ದುಪಡಿಯ ನಂತರ ಇಂಥ ಕಾರಣಕ್ಕೆ 24 ವಾರದವರೆಗೂ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಮಾಡಬಹುದು. ಮಾಡಿಸಲೇಬೇಕು ಎಂದು ಯಾರೂ ಒತ್ತಾಯ ಮಾಡುವಂತಿಲ್ಲ. ಮಾಡಿಸಬೇಡ ಎಂದು ಒತ್ತಾಯ ಮಾಡುವಂತೆಯೂ ಇಲ್ಲ. ಸಹಿ ನಿಮ್ಮದು. ಪರೀಕ್ಷೆಯೇ ಬೇಡ ಎಂದರೆ ಅದೂ ನಿಮ್ಮ ಹಕ್ಕೇ. ಹಾಗಿದ್ದರೆ ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸಿ, ಆರು ತಿಂಗಳು ಕಾದು ನೋಡುವುದು ಬೇಡ. ಮುಂದೆಂದಾದರೂ ಇನ್ನೊಂದು ಮಗು ಬೇಕೆನಿಸಿದರೆ ಐವಿಎಫ್ ಮೂಲಕ ಭ್ರೂಣವನ್ನು ಗರ್ಭಕ್ಕೆ ಹಾಕುವ ಮೊದಲೇ ಪರೀಕ್ಷಿಸುವ ವಿಧಾನವಿದೆ. ಖರ್ಚು ಲಕ್ಷಗಳಲ್ಲಿ, ಒಂದೇ ಸಲಕ್ಕೆ ಫಲಿಸುವ ಖಾತ್ರಿಯೂ ಇಲ್ಲ, ಹಳ್ಳಿಯಿಂದ ಓಡಾಡುವವರಿಗೆ ಸುಲಭವಲ್ಲ.

ಮಗಳ ವಿಷಯ. ದಯವಿಟ್ಟು ಮೊದಲು ಆ ಟಾನಿಕ್ ಬಾಟಲಿ ಎಸೆಯಿರಿ. ರಕ್ತ ಕಡಿಮೆ ಎಂದ ಕೂಡಲೇ ಕಬ್ಬಿಣಾಂಶ ಕೊಡುವುದು ನಮ್ಮ ಅಭ್ಯಾಸ, ಥಲಸ್ಸೇಮಿಯಾ ಮೇಜರ್‌ನಲ್ಲಿ ಅದು ವಿಷ. ಒಂದು ಯೂನಿಟ್ ರಕ್ತದೊಂದಿಗೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಮೈಗೆ ಸೇರುತ್ತದೆ, ದೇಹ ದಿನಕ್ಕೆ ಹೊರಹಾಕುವುದು ಒಂದೆರಡು ಮಿಲಿಗ್ರಾಂ. ಉಳಿದದ್ದು ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಕೂರುತ್ತದೆ. ಥಲಸ್ಸೇಮಿಯಾ ಮಕ್ಕಳನ್ನು ಕೊನೆಗೆ ಕೊಲ್ಲುವುದು ರಕ್ತದ ಕೊರತೆಗಿಂತ ಹೆಚ್ಚಾಗಿ ಈ ಕಬ್ಬಿಣ. ಎರಡು ವರ್ಷ ತುಂಬುವ ಹೊತ್ತಿಗೆ, ಮೈಯಲ್ಲಿ ಕೂಡಿದ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಪರೀಕ್ಷೆಯ ಅಂಕಿ 1000 ದಾಟಿದಾಗ ಅಥವಾ ಹತ್ತಿಪ್ಪತ್ತು ಸಲ ರಕ್ತ ಹಾಕಿದ ಮೇಲೆ, ಕಬ್ಬಿಣ ತೆಗೆಯುವ ಡೆಫೆರಾಸಿರಾಕ್ಸ್‌ನಂಥ ಔಷಧಿ ಶುರುಮಾಡುತ್ತಾರೆ. ಅದು ದಿನವೂ ಬೇಕು, ಮೂತ್ರಪಿಂಡ-ಯಕೃತ್ತಿನ ಪರೀಕ್ಷೆಯೂ ಆಗಾಗ ಬೇಕು. ಬೀಟ್‌ರೂಟ್, ದಾಳಿಂಬೆ ತಿಂದರೆ ತೊಂದರೆಯಿಲ್ಲ, ಆದರೆ ಅವುಗಳಿಂದ ರಕ್ತ ಬರುತ್ತದೆಂದು ರಕ್ತ ಹಾಕಿಸುವುದನ್ನು ಮುಂದೂಡಬೇಡಿ. ತಿಂಗಳಿಗೊಮ್ಮೆ ಎಂದು ಲೆಕ್ಕ ಇಟ್ಟುಕೊಳ್ಳುವುದಕ್ಕಿಂತ, ರಕ್ತ ಹಾಕುವ ಮುಂಚಿನ ಹಿಮೋಗ್ಲೋಬಿನ್ 9ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಅದಕ್ಕೆ ಎರಡು-ಮೂರು ವಾರಕ್ಕೊಮ್ಮೆ ಬೇಕಾದರೆ ಹಾಗೆಯೇ. ಹಾಗೆ ಬೆಳೆದ ಮಕ್ಕಳು ಶಾಲೆ, ಕಾಲೇಜು, ಕೆಲಸ ಎಲ್ಲ ಮಾಡುತ್ತಾರೆ. ಬಿಳಿರಕ್ತಕಣ ಸೋಸಿದ ರಕ್ತ ಕೇಳಿ, ಹೆಪಟೈಟಿಸ್-ಬಿ ಲಸಿಕೆ ಆಗಿದೆಯೇ ನೋಡಿ. ಸರ್ಕಾರಿ ರಕ್ತಕೇಂದ್ರಗಳಲ್ಲಿ ಥಲಸ್ಸೇಮಿಯಾದವರಿಗೆ ರಕ್ತ ಉಚಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ.

ಪೂರ್ತಿ ಗುಣವಾಗುವ ದಾರಿಯೆಂದರೆ ಅಸ್ಥಿಮಜ್ಜೆ ಕಸಿ. ಒಡಹುಟ್ಟಿದವರ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಜೀವಕೋಶದ ಗುರುತುಗಳು) ಹೊಂದಿಕೆಯಾದರೆ, ಮಗು ಚಿಕ್ಕದಿದ್ದು ಯಕೃತ್ತು ಕೆಡದಿದ್ದರೆ, 100ರಲ್ಲಿ 85ರಿಂದ 90 ಮಕ್ಕಳು ರಕ್ತ ಹಾಕಿಸುವ ಕಷ್ಟದಿಂದ ಬಿಡುಗಡೆಯಾಗುತ್ತಾರೆ. ಕೆಲವರಲ್ಲಿ ಕಸಿ ಹಿಡಿಯುವುದಿಲ್ಲ, ಕೆಲವು ಮಕ್ಕಳು ಕಸಿಯ ತೊಡಕುಗಳಿಂದಲೇ ಸಾಯುತ್ತಾರೆ. ಇದನ್ನು ಮುಚ್ಚಿಟ್ಟು ಯಾರೂ ನಿಮ್ಮ ಸಹಿ ಪಡೆಯಬಾರದು. ಹೊಂದಿಕೆಯಾಗುವ ಒಡಹುಟ್ಟು ಇದ್ದ ಬಡ ಮಕ್ಕಳಿಗೆ ಕೋಲ್ ಇಂಡಿಯಾ ಹಣದಿಂದ ನಡೆಯುವ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷದವರೆಗೆ ನೆರವು ಸಿಗುತ್ತದೆ. ಹಾಗಾದರೆ ಈ ಹೊಟ್ಟೆಯ ಮಗುವೇ ಅಕ್ಕನಿಗೆ ಮಜ್ಜೆ ಕೊಡಬಹುದಲ್ಲ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳುತ್ತಾರೆ, ನೋಡಿ. ಕೊಡಬಹುದು. ಆದರೆ ಮಗು ಮೇಜರ್ ಆಗದಿರುವ ಅವಕಾಶ ನಾಲ್ಕರಲ್ಲಿ ಮೂರು, ಎಚ್‌ಎಲ್‌ಎ ಹೊಂದುವ ಅವಕಾಶ ನಾಲ್ಕರಲ್ಲಿ ಒಂದು, ಎರಡೂ ಕೂಡಿ ಬರುವುದು ಹದಿನಾರರಲ್ಲಿ ಮೂರು. ಅದೊಂದನ್ನೇ ನಂಬಿ ಬಸಿರಾಗಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಸಿವಿಎಸ್ ಮಾಡಿಸುವುದಾದರೆ ಅದೇ ಚೂರಿನಲ್ಲಿ ಎಚ್‌ಎಲ್‌ಎಯನ್ನೂ ನೋಡಬಹುದು, ಆದರೆ ಹೊಂದಲಿಲ್ಲ ಎಂಬ ಕಾರಣಕ್ಕೆ ಆರೋಗ್ಯವಾದ ಗರ್ಭ ಇಳಿಸಬೇಕೆಂದರೆ ನಾನು ಜೊತೆಗಿರುವುದಿಲ್ಲ.

ಪತ್ರಿಕೆಗಳಲ್ಲಿ ಬಂದ ಜೀನ್ ಚಿಕಿತ್ಸೆಯನ್ನು ನೀವು ಕೇಳಿರಬಹುದು. ಗರ್ಭದ ಕಾಲದ ಹಿಮೋಗ್ಲೋಬಿನ್ ಅನ್ನು ಮತ್ತೆ ಶುರುಮಾಡಿಸುವ ಕ್ಯಾಸ್ಜೆವಿ ಎಂಬ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಮೊದಲು ಒಪ್ಪಿಗೆ ಕೊಟ್ಟಿತು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಅದಕ್ಕಾಗಿ ಕಾಯುತ್ತ ಇಂದಿನ ಚಿಕಿತ್ಸೆ ಬಿಡಬೇಡಿ. ಕಬ್ಬಿಣದ ಮಾತ್ರೆ ಹಾಗೂ ಕಬ್ಬಿಣ ತೆಗೆಯುವ ಮಾತ್ರೆ ಬೇರೆಬೇರೆ ಎಂಬುದನ್ನೂ ಮರೆಯಬೇಡಿ, ಇವೆರಡನ್ನು ಅದಲುಬದಲು ಮಾಡಿಕೊಟ್ಟ ಮನೆಗಳಿವೆ. ನಿಮ್ಮ ಬಸಿರಿನ ಕಬ್ಬಿಣದ ಗುಳಿಗೆಯನ್ನು ಮಗಳ ಕೈಗೆ ಸಿಗದಂತೆ ಇಡಿ.

ಕೊನೆಗೆ ತಮ್ಮನ ಮದುವೆ. ನೀವು ಪತ್ರದ ಜೊತೆ ಮೊದಲ ಬಸಿರಿನ ಒಂದು ಸಾದಾ ರಕ್ತಪರೀಕ್ಷೆಯ ಚೀಟಿ ಕಳಿಸಿದ್ದೀರಿ: ಹಿಮೋಗ್ಲೋಬಿನ್ 10.2, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 63, ಕೆಂಪು ಕಣ 56 ಲಕ್ಷ. ಬರೀ ಕಬ್ಬಿಣದ ಕೊರತೆಯಾಗಿದ್ದರೆ ಕಣಗಳ ಗಾತ್ರದ ಜೊತೆ ಸಂಖ್ಯೆಯೂ ಇಳಿಯುತ್ತದೆ. ನಿಮ್ಮದರಲ್ಲಿ ಕಣ ಚಿಕ್ಕದು, ಸಂಖ್ಯೆ ಮಾತ್ರ ಭರ್ತಿ. 56 ಲಕ್ಷವೆಂದರೆ 5.6 ಮಿಲಿಯನ್, 63ನ್ನು 5.6ರಿಂದ ಭಾಗಿಸಿದರೆ ಸುಮಾರು 11. ಆ ಭಾಗಲಬ್ಧ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ಮೈನರ್, ಅಂದರೆ ವಾಹಕರೇ ಎಂದು ನೋಡಬೇಕು ಎಂಬುದು ನಮ್ಮಲ್ಲಿ ಹಳೆಯ ರೂಢಿ. ಆ ಚೀಟಿಯ ಮೇಲೆ ಯಾರೋ "ಅನೀಮಿಯಾ, ಐರನ್ ಮಾತ್ರೆ" ಎಂದು ಬರೆದು ಕಳಿಸಿದ್ದಾರೆ. ಅವತ್ತೇ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಎಂಬ ಇನ್ನೊಂದು ಪರೀಕ್ಷೆ ಆಗಿದ್ದರೆ, ನಿಮ್ಮ ಯಜಮಾನರದೂ ಆಗಿದ್ದರೆ, ಈ ಮಾತೆಲ್ಲ ಎರಡು ವರ್ಷ ಮೊದಲೇ ಆಡಬಹುದಿತ್ತು. ಸೈಪ್ರಸ್ ದ್ವೀಪದಲ್ಲಿ ಏಳು ಜನರಲ್ಲಿ ಒಬ್ಬರು ವಾಹಕರು. ಅಲ್ಲಿ ಮದುವೆಗೆ ಮುಂಚೆ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿದ ಮೇಲೆ ಥಲಸ್ಸೇಮಿಯಾ ಮೇಜರ್ ಮಕ್ಕಳು ಹುಟ್ಟುವುದು ಹೆಚ್ಚುಕಡಿಮೆ ನಿಂತೇಹೋಗಿದೆ.

ನಿಮ್ಮ ತಮ್ಮ ವಾಹಕನಾಗಿರುವ ಅವಕಾಶ ಅರ್ಧಕ್ಕರ್ಧ. ದೊಡ್ಡ ಮಾವನ ಮಗಳಿಗೆ ನಾಲ್ಕರಲ್ಲಿ ಒಂದು. ಮದುವೆ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಮಾತು ಪಕ್ಕಾ ಆಗುವ ಮೊದಲು ಇಬ್ಬರಿಗೂ ಸಾದಾ ರಕ್ತಪರೀಕ್ಷೆಯ ಜೊತೆ ಎಚ್‌ಪಿಎಲ್‌ಸಿ ಮಾಡಿಸಿ ಎನ್ನುತ್ತೇನೆ. ಕೆಲವು ನೂರು ರೂಪಾಯಿಯ ಕೆಲಸ. ಅದರಲ್ಲಿ ಎಚ್‌ಬಿ ಎ2 ಎಂಬ ಬಗೆಯ ಹಿಮೋಗ್ಲೋಬಿನ್ ಶೇಕಡಾ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕ ಎಂದರ್ಥ. ಇಬ್ಬರಲ್ಲಿ ಒಬ್ಬರಷ್ಟೇ ವಾಹಕರಾದರೆ ಥಲಸ್ಸೇಮಿಯಾ ಮೇಜರ್ ಭಯವಿಲ್ಲ, ಆದರೆ ರಕ್ತಸಂಬಂಧದ ಮದುವೆಯಲ್ಲಿ ಬೇರೆ ಕಾಯಿಲೆಗಳ ಅವಕಾಶ ಉಳಿದೇ ಇರುತ್ತದೆ, ಅದನ್ನು ಈ ಒಂದು ಪರೀಕ್ಷೆ ತೋರಿಸುವುದಿಲ್ಲ. ಸಾಧ್ಯವಾದರೆ ನಿಮ್ಮ ಅಜ್ಜಿಯದೂ ಮಾಡಿಸಿ. ಅವರಲ್ಲಿ ಇದ್ದರೆ ಅವರ ತವರಿನ ಕಡೆಯವರಿಗೆ ತಿಳಿಸಬೇಕು, ಇಲ್ಲದಿದ್ದರೆ ತೀರಿಕೊಂಡ ಅಜ್ಜನ ಅಣ್ಣತಮ್ಮಂದಿರ ಮಕ್ಕಳಿಗೆ. ಯಾರಿಗೆ ತಿಳಿಸಬೇಕು ಎಂದು ಗೊತ್ತಾಗಲಿ ಎಂಬುದಕ್ಕಷ್ಟೇ ಈ ಪರೀಕ್ಷೆ, ತಪ್ಪು ಹೊರಿಸುವುದಕ್ಕಲ್ಲ ಎಂದು ಅಜ್ಜಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಸಿವಿಎಸ್‌ಗೆ ಹೋಗುವ ದಿನ ನಿಮ್ಮ ಮೂವರ ಡಿಎನ್‌ಎ ವರದಿಯ ಮೂಲಪ್ರತಿ, ಕೊನೆಯ ಮುಟ್ಟಿನ ದಿನಾಂಕ, ಇಬ್ಬರ ಆಧಾರ್ ಕಾರ್ಡ್ ಇರಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಓದಿಯೇ ಸಹಿ ಮಾಡಿ.